ರಾತ್ರಿ ಎರಡು ಗಂಟೆಗೆ ಯಾರು ಎದ್ದಿರುತ್ತಾರೆ?

(ಆರೋಗ್ಯದ ವಾಟ್ಸಾಪ್ ಗುಂಪುಗಳನ್ನು ನಡೆಸುವ ಸ್ವಯಂಸೇವಕರು ತುಮಕೂರಿನಲ್ಲಿ ಸೇರಿದ್ದಾಗ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುವವರ ಗುಂಪು ನಡೆಸುವವರಿದ್ದೀರಿ. ಕ್ಯಾನ್ಸರ್ ಬಂದವರ ಮನೆಯವರ ಗುಂಪು ನೋಡಿಕೊಳ್ಳುವವರಿದ್ದೀರಿ. ನಾನು ಟೈಪ್ 1 ಡಯಾಬಿಟಿಸ್ ಇರುವ ಮಕ್ಕಳ ಅಪ್ಪ ಅಮ್ಮಂದಿರ ಗುಂಪಿನ ಅಡ್ಮಿನ್. ನಾನು ಡಾಕ್ಟರ್ ಅಲ್ಲ, ನರ್ಸೂ ಅಲ್ಲ. ನನ್ನ ಮಗಳಿಗೆ 6 ವರ್ಷವಿದ್ದಾಗ ಈ ಕಾಯಿಲೆ ಬಂತು. ಈಗ ಅವಳಿಗೆ 15. ಈ ಒಂಬತ್ತು ವರ್ಷದಲ್ಲಿ ಕಲಿತದ್ದನ್ನು ಹೇಳುತ್ತೇನೆ. ಅದರಲ್ಲಿ ಜಾಸ್ತಿ ಭಾಗ ತಪ್ಪು ಮಾಡಿ ಕಲಿತದ್ದು.

ಮೊದಲು ಅವಳು ಹಾಸಿಗೆ ಒದ್ದೆ ಮಾಡತೊಡಗಿದಳು. ಯಾವತ್ತೋ ಬಿಟ್ಟುಹೋಗಿದ್ದ ಅಭ್ಯಾಸ ಮತ್ತೆ ಶುರುವಾಯಿತು. ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದಳು. ಬೇಸಿಗೆ ಅಲ್ವಾ, ಅದಕ್ಕೇ ಇರಬೇಕು ಅಂದುಕೊಂಡೆವು. ಫ್ರಾಕು ಸಡಿಲವಾಯಿತು. ಒಂದು ದಿನ ವಾಂತಿ, ಹೊಟ್ಟೆನೋವು. ತೋರಿಸಿದ ಕಡೆ ಹೊಟ್ಟೆ ಕೆಟ್ಟಿದೆ ಅಂತ ಸಿರಪ್ ಕೊಟ್ಟು ಕಳಿಸಿದರು. ಮಾರನೆಯ ದಿನ ಅವಳು ಏದುಸಿರು ಬಿಡುತ್ತಿದ್ದಳು. ಬೆಂಗಳೂರಿಗೆ ಹೊತ್ತುಕೊಂಡು ಹೋದಾಗ ಶುಗರ್ 500 ದಾಟಿತ್ತು. ಒಂದು ಹನಿ ರಕ್ತ, ಒಂದು ಸ್ಟ್ರಿಪ್ಪು. ಹಿಂದಿನ ದಿನ ಅಷ್ಟು ಮಾಡಿದ್ದರೆ ಗೊತ್ತಾಗಿಬಿಡುತ್ತಿತ್ತು. ಇವತ್ತಿಗೂ ಅದನ್ನು ನೆನೆದರೆ ಹೊಟ್ಟೆಯಲ್ಲಿ ಏನೋ ಹಿಂಡಿದ ಹಾಗಾಗುತ್ತದೆ.

ಮನೆಗೆ ಬಂದ ಮೇಲೆ ನೆಂಟರು ಕೇಳಿದ್ದು ಒಂದೇ ಮಾತು. ‘ಮಗುವಿಗೆ ಸಿಹಿ ಜಾಸ್ತಿ ಕೊಟ್ರಾ?’ ಟೈಪ್ 1 ಸಿಹಿ ತಿಂದು ಬರುವುದಲ್ಲ. ಮೈಯನ್ನು ಕಾಯಬೇಕಾದ ಶಕ್ತಿಯೇ ತಿರುಗಿಬಿದ್ದು, ಇನ್ಸುಲಿನ್ ಮಾಡುವ ಜೀವಕೋಶಗಳನ್ನು ಹಾಳು ಮಾಡುತ್ತದೆ. ಆಮೇಲೆ ಇನ್ಸುಲಿನ್ ಹೊರಗಿನಿಂದಲೇ ಕೊಡಬೇಕು. ದಿನಾ, ಬದುಕಿರುವಷ್ಟು ಕಾಲ. ಇದನ್ನು ಡಾಕ್ಟರು ನನಗೆ ಚೆನ್ನಾಗಿಯೇ ಹೇಳಿದ್ದರು. ಆದರೆ ನೆಂಟರಿಗೆ ಏನು ಹೇಳಬೇಕು ಅನ್ನುವುದನ್ನು ಹೇಳಿಕೊಟ್ಟವಳು ಟ್ರೇನಿನಲ್ಲಿ ಸಿಕ್ಕ ಗುಬ್ಬಿಯ ಒಬ್ಬ ಹೆಂಗಸು.

ಆಗೆಲ್ಲ ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗುತ್ತಿದ್ದೆವು. ಬೆಳಗಿನ ಟ್ರೇನಿನಲ್ಲಿ ಅವಳು ಮಗನ ಜೊತೆ ಕೂತಿದ್ದಳು. ಕೈಯಲ್ಲಿ ಅಗಲ ಬಾಯಿಯ ಸಣ್ಣ ಫ್ಲಾಸ್ಕು. ನನ್ನ ಕೈಯಲ್ಲೂ ಒಂದು ಫ್ಲಾಸ್ಕು. ಇಬ್ಬರೂ ಒಬ್ಬರ ಫ್ಲಾಸ್ಕನ್ನು ಒಬ್ಬರು ನೋಡಿದೆವು. ಒಳಗಿರುವುದು ಕಾಫಿಯಲ್ಲ, ತಂಪಾಗಿಟ್ಟ ಇನ್ಸುಲಿನ್ ಅಂತ ಇಬ್ಬರಿಗೂ ಗೊತ್ತಾಯಿತು. ನಾನು ಮಗಳಿಗೆ ಬರೀ ರಾಗಿ ಮುದ್ದೆ ಕೊಡ್ತೀನಿ, ಮುದ್ದೆಯಿಂದ ಶುಗರ್ ಏರಲ್ಲ ಅಲ್ವಾ ಅಂದೆ. ಅವಳು ನಗಲಿಲ್ಲ. ‘ಅಳೆದು ನೋಡಿದೀರಾ?’ ಅಂದಳು. ಆವತ್ತು ರಾತ್ರಿ ಅಳೆದೆ. ಚೆನ್ನಾಗಿಯೇ ಏರಿತ್ತು. ರಾಗಿ ಹಿಟ್ಟಿನಲ್ಲೂ ಮೂರರಲ್ಲಿ ಎರಡು ಪಾಲು ಪಿಷ್ಟವೇ. ಮುದ್ದೆ ಒಳ್ಳೆಯದೇ, ಆದರೆ ಅದಕ್ಕೂ ಇನ್ಸುಲಿನ್ ಲೆಕ್ಕ ಬೇಕು. ನಮ್ಮ ಗುಂಪು ಹುಟ್ಟಿದ್ದು ಹೀಗೆ. ಮೊದಲು ನಾವಿಬ್ಬರು, ಆಮೇಲೆ ಆಸ್ಪತ್ರೆಯ ಕ್ಯೂನಲ್ಲಿ ಪರಿಚಯವಾದ ಐದಾರು ಜನ. ಈಗ ಜಿಲ್ಲೆಯ ಹತ್ತೂ ತಾಲ್ಲೂಕಿನವರಿದ್ದಾರೆ.

ನೊಂದವರು ನೊಂದವರಿಗೆ ನೆರವಾಗುವುದು ಮೊಬೈಲಿನಿಂದ ಶುರುವಾದದ್ದಲ್ಲ. 1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ ಬಿಲ್ ವಿಲ್ಸನ್ ಅನ್ನುವವರಿಗೆ ಮತ್ತೆ ಕುಡಿಯುವ ಆಸೆ ಬಂತು. ಅವರು ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಆ ಹೊತ್ತಿನಲ್ಲಿ ಅವರು ಫೋನ್ ಮಾಡಿ ಹುಡುಕಿದ್ದು ಕುಡಿತಕ್ಕೆ ಸಿಕ್ಕ ಇನ್ನೊಬ್ಬನನ್ನು. ಸಿಕ್ಕಿದವರು ಬಾಬ್ ಸ್ಮಿತ್ ಅನ್ನುವ ಡಾಕ್ಟರ್. ಕುಡಿತ ಬಿಡಬೇಕು ಅನ್ನುವವರ ಕೂಟ, ಆಲ್ಕೋಹಾಲಿಕ್ಸ್ ಅನಾನಿಮಸ್, ಶುರುವಾದದ್ದು ಅಲ್ಲಿಂದ. ಇದರಲ್ಲಿ ನನಗೆ ಮುಖ್ಯ ಅನ್ನಿಸುವುದು ಒಂದು ಸಂಗತಿ. ವಿಲ್ಸನ್ ಆವತ್ತು ಫೋನ್ ಮಾಡಿದ್ದು ಬೇರೆಯವರನ್ನು ಉಳಿಸಲು ಅಲ್ಲ, ತಾವು ಉಳಿಯಲು. 1965ರಲ್ಲಿ ಫ್ರಾಂಕ್ ರೀಸ್‌ಮನ್ ಎಂಬ ವಿದ್ವಾಂಸರು ಇದನ್ನೇ ಒಂದು ತತ್ವವಾಗಿ ಬರೆದರು. ನೆರವು ಪಡೆದವರಿಗಿಂತ ನೆರವು ಕೊಟ್ಟವರಿಗೇ ಎಷ್ಟೋ ಸಲ ಜಾಸ್ತಿ ಲಾಭ ಅಂತ. ನನಗಂತೂ ಇದು ನಿಜ. ಬೇರೆ ತಾಯಿಗೆ ‘ನಿಮ್ಮ ತಪ್ಪಲ್ಲ’ ಅಂತ ನೂರು ಸಲ ಹೇಳಿದ ಮೇಲೆ, ಅದು ನನ್ನ ತಪ್ಪೂ ಅಲ್ಲ ಅಂತ ನನಗೆ ನಂಬಿಕೆ ಬಂತು.

ಈಗ ಗುಂಪು ನಡೆಸುವ ಕಷ್ಟಕ್ಕೆ ಬರುತ್ತೇನೆ.

ಶುರುವಿನಲ್ಲಿ ನಾನು ಮಾಡಿದ ದೊಡ್ಡ ತಪ್ಪು ಡೋಸು ಹೇಳಿದ್ದು. ಒಬ್ಬ ತಾಯಿ ರಾತ್ರಿ ‘280 ಇದೆ, ಎಷ್ಟು ಹಾಕಲಿ?’ ಅಂತ ಬರೆದಳು. ಪಾಪ, ಗಾಬರಿಯಾಗಿದ್ದಾಳೆ ಅಂತ ‘ನಾವು ಇಷ್ಟಿದ್ದಾಗ 6 ಯೂನಿಟ್ ಹಾಕ್ತೀವಿ’ ಅಂದೆ. ಬರೆದು ಫೋನ್ ಕೆಳಗಿಟ್ಟ ಮೇಲೆ ಎದೆ ಹೊಡೆದುಕೊಳ್ಳಲು ಶುರುವಾಯಿತು. ಅವಳ ಮಗುವಿನ ತೂಕ ಎಷ್ಟು ಅಂತ ನಾನು ಕೇಳಿರಲಿಲ್ಲ. ನನ್ನ ಮಗಳಿಗಿಂತ ಎಷ್ಟೋ ಚಿಕ್ಕ ಮಗು ಅದು. ಇನ್ನೊಂದು ವಿಷಯವೂ ಇತ್ತು. ನಮ್ಮ ದೇಶದಲ್ಲಿ ಬಾಟಲಿಯ ಇನ್ಸುಲಿನ್ ಹೆಚ್ಚಾಗಿ ಒಂದು ಎಂಎಲ್‌ಗೆ 40 ಯೂನಿಟ್ ಇರುವಂಥದ್ದು. ಇನ್ಸುಲಿನ್ ಚುಚ್ಚುವ ಪೆನ್ನಿನಲ್ಲಿರುವುದು ಒಂದು ಎಂಎಲ್‌ಗೆ 100. ಸಿರಿಂಜೂ ಬೇರೆ ಬೇರೆ. 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಮುಚ್ಚಳ. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 6ರ ಗೆರೆಯವರೆಗೆ ಎಳೆದರೆ ಮೈಯೊಳಗೆ ಹೋಗುವುದು 15 ಯೂನಿಟ್. ಎರಡೂವರೆ ಪಟ್ಟು! ಮೆಸೇಜಿನಲ್ಲಿ ‘6’ ಅಂತ ಬರೆದಾಗ ಆ ಕಡೆ ಯಾವ ಬಾಟಲಿ, ಯಾವ ಸಿರಿಂಜು ಇದೆ ಅಂತ ನನಗೆ ಹೇಗೆ ಗೊತ್ತಾಗಬೇಕು?

ತಕ್ಷಣ ಅವಳಿಗೆ ಫೋನ್ ಮಾಡಿದೆ. ಅವಳಿನ್ನೂ ಹಾಕಿರಲಿಲ್ಲ. ಡಾಕ್ಟರ ಚೀಟಿ ತೆಗೆಸಿ ಓದಿಸಿದೆ. ಇಂಥ ಹೊತ್ತಿಗೆ ಎಷ್ಟು ಹಾಕಬೇಕು ಅಂತ ಅದರಲ್ಲೇ ಬರೆದಿತ್ತು. ಗಾಬರಿಯಲ್ಲಿ ಅವಳಿಗೆ ಚೀಟಿಯೇ ನೆನಪಾಗಿರಲಿಲ್ಲ.

ಆವತ್ತಿನಿಂದ ಗುಂಪಿನಲ್ಲಿ ಡೋಸು ಕೇಳುವ ಹಾಗಿಲ್ಲ, ಹೇಳುವ ಹಾಗೂ ಇಲ್ಲ. ಕೆಲವರು ಸಿಟ್ಟಾದರು. ‘ಮತ್ತೆ ಗುಂಪು ಇರೋದು ಯಾಕೆ?’ ಅಂದರು. ನ್ಯಾಯವಾದ ಪ್ರಶ್ನೆಯೇ. ನನ್ನ ಉತ್ತರ ಇಷ್ಟು. ಚೀಟಿ ಎಲ್ಲಿದೆ ಅಂತ ನೆನಪು ಮಾಡಲು. ಡಾಕ್ಟರಿಗೆ ಫೋನ್ ಮಾಡಲು ಹೆದರುವ ತಾಯಿಗೆ ‘ಮಾಡಿ, ಬೈದರೆ ಬೈಯಲಿ’ ಅನ್ನಲು. ಆಸ್ಪತ್ರೆಗೆ ಹೊರಟರೆ ಅಲ್ಲಿ ತಲುಪುವವರೆಗೂ ಫೋನಿನಲ್ಲಿ ಇರಲು.

ಒಂದಕ್ಕೆ ಮಾತ್ರ ಕಾಯುವ ಹಾಗಿಲ್ಲ. ಅದು ಶುಗರ್ ಲೋ ಆದಾಗ. 70ಕ್ಕಿಂತ ಕಡಿಮೆ ಬಂದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ಇನ್ನೂ ಕಡಿಮೆ ಇದ್ದರೆ ಮತ್ತೆ ಕೊಡಿ. ಮಗುವಿಗೆ ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, ಪಕ್ಕಕ್ಕೆ ಮಲಗಿಸಿ, 108ಕ್ಕೆ ಫೋನ್ ಮಾಡಿ. ಇದು ಗುಂಪಿನ ತಲೆಯಲ್ಲೇ ಪಿನ್ ಆಗಿದೆ. ಡಾಕ್ಟರು ಎಲ್ಲ ಮನೆಗೂ ಕಲಿಸಿರುವ ಪ್ರಥಮ ಚಿಕಿತ್ಸೆ ಇದು. ಗಾಬರಿಯಲ್ಲಿ ಮರೆತುಹೋಗುತ್ತದೆ, ಅದಕ್ಕೇ ಅಲ್ಲಿಟ್ಟಿದ್ದೇವೆ.

ಹಾಗಂತ ಅನುಭವ ಹೇಳಬೇಡಿ ಅಂತಲ್ಲ. ಅನುಭವವೇ ನಮ್ಮ ಆಸ್ತಿ. ಪಾವಗಡದ ಕಡೆಯ ಒಬ್ಬ ಅಜ್ಜಿಯ ವಾಯ್ಸ್ ಮೆಸೇಜು ನನ್ನ ಫೋನಿನಲ್ಲಿ ಇನ್ನೂ ಇದೆ. ಅರ್ಧ ಕನ್ನಡ, ಅರ್ಧ ತೆಲುಗು. ಮನೆಯಲ್ಲಿ ಫ್ರಿಜ್ ಇಲ್ಲ. ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆ ಇಟ್ಟು, ನಡುವೆ ಒದ್ದೆ ಮರಳು ತುಂಬಿ, ನೀರು ಹೋಗದ ಡಬ್ಬಿಯಲ್ಲಿ ಇನ್ಸುಲಿನ್ ಹಾಕಿ ಒಳಗಿಟ್ಟಿದ್ದಾರೆ. ನೀರು ಆರುತ್ತಾ ಒಳಗೆ ತಂಪಾಗುತ್ತದೆ. ತೆರೆಯದ ಬಾಟಲಿಗೆ 2ರಿಂದ 8 ಡಿಗ್ರಿ ಬೇಕು, ಅಷ್ಟು ತಂಪು ಮಡಕೆಯಲ್ಲಿ ಬರುವುದಿಲ್ಲ. ಬಳಸುತ್ತಿರುವ ಬಾಟಲಿ ಸಾಮಾನ್ಯ ಸೆಕೆಯಲ್ಲಿ ಸುಮಾರು 4 ವಾರ ತಡೆಯುತ್ತದೆ. ಆದರೆ ಪಾವಗಡದ ಏಪ್ರಿಲ್ ಸಾಮಾನ್ಯ ಸೆಕೆಯಲ್ಲವಲ್ಲ, ಅದಕ್ಕೇ ಮಡಕೆ! ಆ ಮಡಕೆಯ ಫೋಟೋ ನೋಡಿ ಶಿರಾ, ಮಧುಗಿರಿ ಕಡೆಯವರೂ ಹಾಗೇ ಮಾಡಿಕೊಂಡರು. ಫ್ರಿಜ್ ಇರುವವರೂ ಅಷ್ಟೇ, ಕರೆಂಟ್ ಹೋದ ದಿನಕ್ಕೆ ಅಂತ.

ಇನ್ನು ಪುಡಿ ಮಾರುವವರ ವಿಷಯ. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ.

ಯಾರದೋ ನೆಂಟನಾಗಿ ಒಬ್ಬ ಗುಂಪಿಗೆ ಸೇರಿದ. ಮೊದಲು ಗುಡ್ ಮಾರ್ನಿಂಗ್, ಆಮೇಲೆ ದೇವರ ಫೋಟೋ. ಒಂದು ವಾರ ಬಿಟ್ಟು ಬೇರಿನ ಪುಡಿ. 90 ದಿನ ತಿಂದರೆ ಇನ್ಸುಲಿನ್ ಬೇಕಾಗಲ್ಲ ಅಂದ. ಗುಂಪಿನಲ್ಲಿ ಹೇಳಿದ್ದು ಒಂದೇ ಸಲ. ಆಮೇಲೆ ಒಬ್ಬೊಬ್ಬರಿಗೇ ಬೇರೆ ಬೇರೆ ಫೋನ್ ಮಾಡಿದ. ಒಂದು ಮನೆಯವರು ಇನ್ಸುಲಿನ್ ನಿಲ್ಲಿಸಿಬಿಟ್ಟರು. ಎರಡನೆಯ ದಿನ ಹುಡುಗನಿಗೆ ವಾಂತಿ ಶುರುವಾಯಿತು, ಮೂರನೆಯ ದಿನ ಐಸಿಯು. ಬದುಕಿದ, ದೇವರು ದೊಡ್ಡವನು. ಆ ತಂದೆಯನ್ನು ನಾನು ಬೈಯಲಿಲ್ಲ. ಮಗನಿಗೆ ದಿನಾ ನಾಲ್ಕು ಸಲ ಸೂಜಿ ಚುಚ್ಚುವ ಅಪ್ಪನಿಗೆ ‘ಇನ್ನು ಬೇಡ’ ಅಂತ ಯಾರಾದರೂ ಹೇಳಿದರೆ ನಂಬಲು ಎಷ್ಟು ಆಸೆಯಾಗುತ್ತದೆ ಅಂತ ನನಗೆ ಗೊತ್ತು.

ಟೊರೊಂಟೊದಲ್ಲಿ 1922ರ ಜನವರಿ 11ರಂದು ಲೆನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಚುಚ್ಚಿದರು. ಅದಕ್ಕೆ ಮೊದಲು ಈ ಮಕ್ಕಳನ್ನು ಉಪವಾಸ ಕೆಡವಿ ಕೆಲವು ತಿಂಗಳು ಜಾಸ್ತಿ ಉಳಿಸಿಕೊಳ್ಳುತ್ತಿದ್ದರು ಅಷ್ಟೇ. ಇನ್ಸುಲಿನ್ ನಿಲ್ಲಿಸಿ ಅನ್ನುವವನು ನಮ್ಮ ಮಕ್ಕಳನ್ನು ಆ ಕಾಲಕ್ಕೆ ವಾಪಸ್ ಕಳಿಸುತ್ತಿದ್ದಾನೆ. ಡಯಾಬಿಟಿಸ್ ವಾಸಿ ಮಾಡ್ತೀವಿ ಅಂತ ಔಷಧಿಗೆ ಜಾಹೀರಾತು ಕೊಡುವುದನ್ನು ನಮ್ಮ ದೇಶದ ಕಾನೂನು 1954ರಲ್ಲೇ ತಡೆದಿದೆ. ಆದರೆ ಕಾನೂನು ಬಂದು ಮೆಸೇಜು ಡಿಲೀಟ್ ಮಾಡುವುದಿಲ್ಲ. ಅಡ್ಮಿನ್ ಮಾಡಬೇಕು. ಈಗ ಹೊಸಬರು ಯಾರೇ ಸೇರಲಿ, ಮೊದಲು ನಮ್ಮಲ್ಲೊಬ್ಬರು ಫೋನಿನಲ್ಲಿ ಹತ್ತು ನಿಮಿಷ ಮಾತಾಡುತ್ತೇವೆ. ಮಗುವಿನ ವಯಸ್ಸು, ಯಾವಾಗ ಗೊತ್ತಾಯಿತು, ಯಾವ ಇನ್ಸುಲಿನ್. ಮಗು ಇಲ್ಲದವನು ಎರಡನೇ ಪ್ರಶ್ನೆಗೇ ತಡವರಿಸುತ್ತಾನೆ.

ತಪ್ಪು ಮಾಹಿತಿಯ ಬಗ್ಗೆ ಒಂದು ಅಧ್ಯಯನ ಹೇಳುತ್ತೇನೆ, ನನಗೆ ತುಂಬಾ ಇಷ್ಟವಾದದ್ದು. 2006ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಸ್ತನ ಕ್ಯಾನ್ಸರ್ ಆದವರು ಇಂಟರ್ನೆಟ್ಟಿನಲ್ಲಿ ಒಬ್ಬರಿಗೊಬ್ಬರು ಬರೆದ 4,600 ಸಂದೇಶಗಳನ್ನು ಓದಿ ನೋಡಿದರು. ತಪ್ಪು ಅಥವಾ ದಾರಿ ತಪ್ಪಿಸುವ ಸಂದೇಶ ಎಷ್ಟಿತ್ತು ಗೊತ್ತಾ? ಬರೀ 10. ಅದರಲ್ಲಿ 7ನ್ನು ಅಲ್ಲಿದ್ದವರೇ ಸರಾಸರಿ ನಾಲ್ಕೂವರೆ ಗಂಟೆಯೊಳಗೆ ತಿದ್ದಿದ್ದರು. ರೋಗಿಗಳು ಸೇರಿದರೆ ಬರೀ ಮೂಢನಂಬಿಕೆ ಅನ್ನುವವರಿಗೆ ನಾನು ಇದನ್ನು ಹೇಳುತ್ತೇನೆ.

ಆದರೆ ನಮಗೆ ನಾವು ಇನ್ನೊಂದು ಮಾತು ಹೇಳಿಕೊಳ್ಳಬೇಕು. ಕ್ಯಾನ್ಸರಿನಲ್ಲಿ ನಾಲ್ಕೂವರೆ ಗಂಟೆ ಬಹಳ ಬೇಗ. ಶುಗರ್ ಲೋ ಆದ ಮಗುವಿಗೆ ನಾಲ್ಕೂವರೆ ಗಂಟೆ ತುಂಬಾ ತಡ. ಒಬ್ಬೊಬ್ಬರ ಗುಂಪಿನ ಗಡಿಯಾರ ಬೇರೆ. ನಿಮ್ಮ ಕಾಯಿಲೆಯ ಗಡಿಯಾರ ಯಾವುದು ಅಂತ ನೋಡಿಕೊಂಡು ಎಷ್ಟು ಎಚ್ಚರ ಬೇಕು ಅಂತ ನೀವೇ ಲೆಕ್ಕ ಹಾಕಿ. ಡಯಾಲಿಸಿಸ್ ಗುಂಪಿಗೂ ನನ್ನ ಗುಂಪಿಗೂ ಒಂದೇ ನಿಯಮ ಹೊಂದುವುದಿಲ್ಲ.

ಈ ಎಚ್ಚರ ಯಾರ ಹೆಗಲ ಮೇಲಿದೆ? 2014ರಲ್ಲಿ ಟ್ರೆವರ್ ವ್ಯಾನ್ ಮಿಯರ್ಲೊ ಎಂಬ ಸಂಶೋಧಕರು ಇಂಥ ನಾಲ್ಕು ಆನ್‌ಲೈನ್ ಸಮುದಾಯಗಳನ್ನು ನೋಡಿದರು. ಕುಡಿತ, ಖಿನ್ನತೆ, ಪ್ಯಾನಿಕ್ ಅಂದರೆ ದಿಢೀರನೆ ಬರುವ ವಿಪರೀತ ಗಾಬರಿ, ಸಿಗರೇಟು ಬಿಡುವುದು, ಹೀಗೆ. ಅಲ್ಲಿ ಬರೆದದ್ದರಲ್ಲಿ ಸುಮಾರು ಮುಕ್ಕಾಲು ಭಾಗ ಬರೆದವರು ನೂರಕ್ಕೆ ಒಬ್ಬರು ಮಾತ್ರ. ಇದನ್ನು ಓದಿದಾಗ ನನಗೆ ಹೆಮ್ಮೆಯಾಗಲಿಲ್ಲ, ಭಯವಾಯಿತು. ಆ ಒಬ್ಬರು ಮಲಗಿಬಿಟ್ಟರೆ?

ನಾನೇ ಆ ಒಬ್ಬಳಾಗಿದ್ದೆ. ಫೋನ್ ದಿಂಬಿನ ಕೆಳಗೆ. ಮುದ್ದೆ ತಿರುವುವಾಗಲೂ ಕಣ್ಣು ಫೋನಿನ ಮೇಲೆ. ಒಂದು ರಾತ್ರಿ ಕುಣಿಗಲ್ಲಿನ ಒಬ್ಬರಿಗೆ ಉತ್ತರ ಬರೆಯುತ್ತಿದ್ದೆ. ನನ್ನ ಮಗಳು ಬಂದು ಪಕ್ಕದಲ್ಲಿ ನಿಂತಳು. ಬೆವೆತಿದ್ದಳು, ಕೈ ನಡುಗುತ್ತಿತ್ತು. ಅವಳದು 52. ‘ಅಮ್ಮ, ಗ್ರೂಪಿಗೆ ಮೆಸೇಜ್ ಹಾಕಿದ್ರೆ ಬೇಗ ನೋಡ್ತಿದ್ಯಾ?’ ಅಂದಳು. ಮಕ್ಕಳು ಹೀಗೆ ಒಂದೇ ಮಾತು ಹೇಳಿ ಮಲಗಿಬಿಡುತ್ತಾರೆ. ನನಗೆ ಬೆಳಗಿನವರೆಗೂ ನಿದ್ದೆ ಬರಲಿಲ್ಲ.

ಮಾರನೆಯ ದಿನ ಗುಂಪಿನಲ್ಲಿ ಬರೆದೆ. ‘ನನಗೆ ಒಬ್ಬಳಿಗೇ ಆಗ್ತಿಲ್ಲ. ರಾತ್ರಿ ಪಾಳಿ ಯಾರು ಮಾಡ್ತೀರಿ?’ ಯಾರೂ ಮಾತಾಡುವುದಿಲ್ಲ ಅಂದುಕೊಂಡಿದ್ದೆ. ಮೊದಲು ಬಂದ ಉತ್ತರ ಅಲ್ಲಿಯವರೆಗೆ ಒಂದಕ್ಷರ ಬರೆಯದ ಕೊರಟಗೆರೆ ಕಡೆಯ ರೈತರೊಬ್ಬರದು. ‘ಮೇಡಂ, ತ್ರೀಫೇಸ್ ಕರೆಂಟ್ ಕೊಡೋದೇ ರಾತ್ರಿ. ಮೋಟ್ರು ಹಾಕೋಕೆ ಎದ್ದಿರ್ತೀನಿ. ನನಗೆ ಕೊಡಿ’ ಅಂದರು. ಹಿಂದೆಯೇ ಇನ್ನಿಬ್ಬರು ರೈತರು. ಆಮೇಲೆ ರಾತ್ರಿ ಪಾಳಿಯ ಸೆಕ್ಯುರಿಟಿ ಕೆಲಸದ ಒಬ್ಬರು. ಇಷ್ಟು ವರ್ಷ ಇವರೆಲ್ಲ ಎಚ್ಚರವಾಗಿಯೇ ಇದ್ದರು. ನಾನು ಕೇಳಿರಲಿಲ್ಲ ಅಷ್ಟೇ.

ಸುಮ್ನೆ ಓದುವವರನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. ಗುಂಪಿನಲ್ಲಿ ಮಾತಾಡದವರನ್ನು ತೆಗೆದುಹಾಕುವ ಅಡ್ಮಿನ್‌ಗಳೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಕೊರಟಗೆರೆಯ ರೈತರು ಎರಡು ವರ್ಷದಿಂದ ಪ್ರತಿಯೊಂದು ಮೆಸೇಜನ್ನೂ ಹೆಂಡತಿಗೆ ಓದಿ ಹೇಳುತ್ತಿದ್ದರಂತೆ. ಆಕೆಗೆ ಓದಲು ಬಾರದು.

ಗುಟ್ಟಿನ ವಿಷಯವನ್ನೂ ಹೇಳಬೇಕು. ಹೆಣ್ಣುಮಕ್ಕಳ ತಾಯಂದಿರು ಗುಂಪಿಗೆ ಸೇರಲು ಹಿಂದೆಮುಂದೆ ನೋಡುತ್ತಾರೆ. ನಾಳೆ ಮದುವೆ ಮಾತಿಗೆ ಅಡ್ಡ ಬರುತ್ತದೆ ಅನ್ನುವ ಭಯ. ಒಮ್ಮೆ ಯಾರೋ ಒಂದು ಮೆಸೇಜಿನ ಸ್ಕ್ರೀನ್‌ಶಾಟ್ ತೆಗೆದು ಜಾತಿಯ ಗುಂಪಿಗೆ ಹಾಕಿಬಿಟ್ಟರು. ಕೆಟ್ಟದ್ದು ಮಾಡಲು ಅಲ್ಲ, ಸಹಾಯ ಕೇಳಲು. ಆದರೆ ಹುಡುಗಿಯ ಹೆಸರು, ನಂಬರು ಎರಡೂ ಅದರಲ್ಲಿತ್ತು. ಆ ಮನೆಯವರು ಗುಂಪು ಬಿಟ್ಟರು. ನಾನು ಮನೆಗೆ ಹೋಗಿ ಕ್ಷಮೆ ಕೇಳಿದೆ. ಕಾಫಿ ಕೊಟ್ಟರು, ವಾಪಸ್ ಬರಲಿಲ್ಲ. ಆ ಹುಡುಗಿ ಈಗ ಹೇಗಿದ್ದಾಳೋ ಅಂತ ನನಗೆ ತಿಳಿಯದು. ಈಗ ನಾವು ಮಕ್ಕಳ ಹೆಸರು ಬರೆಯುವುದೇ ಇಲ್ಲ. ‘ಮಗಳು 11 ವರ್ಷ’ ಅಷ್ಟೇ ಸಾಕು.

ಹದಿಹರೆಯದ ಮಕ್ಕಳ ಬಗ್ಗೆ ಒಂದೇ ಮಾತು. ಅವರಲ್ಲಿ ಯಾರಾದರೂ ‘ಸಾಕಾಗಿದೆ’ ಅಂತ ಬರೆದರೆ ಅದಕ್ಕೆ ಕೈಮುಗಿದ ಚಿತ್ರ ಹಾಕಿ ಮುಂದೆ ಹೋಗಬೇಡಿ. ತಕ್ಷಣ ಫೋನ್ ಮಾಡಿ, ಮನೆಯವರಿಗೂ ತಿಳಿಸಿ. ಕೈಯಲ್ಲಿ ಇನ್ಸುಲಿನ್ ಇರುವ ಮಗು ಅದು, ಮರೆಯಬೇಡಿ. ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯದ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು.

ಮಾತಿನ ನಡುವೆ ಒಬ್ಬರು ಕೇಳಿದರು, ಗುಂಪಿನಲ್ಲಿ ಡಾಕ್ಟರನ್ನೇ ಸೇರಿಸಿಕೊಂಡರೆ ಈ ತಾಪತ್ರಯ ಯಾಕೆ ಅಂತ. ಸೇರಿಸಿಕೊಂಡಿದ್ದೆವು. ಎಲ್ಲ ಪ್ರಶ್ನೆಯೂ ಅವರಿಗೇ ಹೋಗತೊಡಗಿತು. ಅಮ್ಮಂದಿರು ಒಬ್ಬರ ಜೊತೆ ಒಬ್ಬರು ಮಾತಾಡುವುದೇ ನಿಂತುಹೋಯಿತು. ಅವರಿಗೂ ಕಷ್ಟ, ಯಾಕೆಂದರೆ ರೋಗಿಯ ಗುರುತು, ವಯಸ್ಸು ಖಚಿತವಿಲ್ಲದೆ ಔಷಧಿ ಬರೆಯಬಾರದು ಅಂತ ಟೆಲಿಮೆಡಿಸಿನ್, ಅಂದರೆ ಫೋನಿನಲ್ಲೇ ರೋಗಿಯನ್ನು ನೋಡುವುದರ 2020ರ ನಿಯಮವೇ ಹೇಳುತ್ತದೆ. ಈಗ ಅವರು ತಿಂಗಳಿಗೊಂದು ಭಾನುವಾರ ಒಂದು ಗಂಟೆ ಬಂದು, ಒಂದು ವಿಷಯ ತಿಳಿಸಿ ಹೋಗುತ್ತಾರೆ. ಉಳಿದ ದಿನ ಗುಂಪು ನಮ್ಮದು.

ಕಳೆದ ಗುರುವಾರ ನನ್ನ ಪಾಳಿ ಇರಲಿಲ್ಲ. ಫೋನ್ ಅಡುಗೆಮನೆಯಲ್ಲಿಟ್ಟು ಮಲಗಿದ್ದೆ. ಬೆಳಿಗ್ಗೆ ಎದ್ದು, ಹಾಲು ಒಲೆ ಮೇಲಿಟ್ಟು ನೋಡಿದೆ. ರಾತ್ರಿ 2 ಗಂಟೆ 10 ನಿಮಿಷಕ್ಕೆ ಚಿಕ್ಕನಾಯಕನಹಳ್ಳಿಯ ಹೊಸ ತಾಯಿ ಬರೆದಿದ್ದಳು, ‘58 ಬಂದಿದೆ, ಭಯ ಆಗ್ತಿದೆ.’ 2 ಗಂಟೆ 11ಕ್ಕೆ ನಮ್ಮ ಕೊರಟಗೆರೆಯವರ ವಾಯ್ಸ್ ಮೆಸೇಜು. ಹಿಂದೆ ಮೋಟ್ರು ಸದ್ದು, ನೀರು ಬೀಳುವ ಸದ್ದು. ‘ಸಕ್ಕರೆ ನೀರು ಕುಡಿಸಮ್ಮ. ಮೂರು ಚಮಚ. ನಾನು ಎದ್ದಿದೀನಿ, ಲೈನಲ್ಲೇ ಇರ್ತೀನಿ.’ 2 ಗಂಟೆ 28ಕ್ಕೆ ಅವಳು ಬರೆದಿದ್ದಳು, ‘94.’ ಅದರ ಕೆಳಗೆ ಅವರದು: ‘ಸರಿ. ಇನ್ನೊಂದು ಮಡಿಗೆ ನೀರು ಬಿಡೋದಿದೆ. ಅರ್ಧ ಗಂಟೆ ಬಿಟ್ಟು ಇನ್ನೊಂದ್ಸಲ ನೋಡಿ ಹೇಳಮ್ಮ, ಆಮೇಲೆ ಇಬ್ಬರೂ ಮಲಗೋಣ.’